ವಾಸಿಯಾಯಿತು, ಇನ್ನು ಮನೆಯಿಂದ ಹೊರಡುವುದು ಹೇಗೆ?

ಈ ಸಲದ ಪತ್ರಗಳಲ್ಲಿ ಹೆಚ್ಚಿನವು ಆಸ್ಪತ್ರೆಯಿಂದ ಬಂದ ಮೇಲಿನ ದಿನಗಳ ಬಗ್ಗೆ. ಗಾಯ ಮಾಗಿದೆ, ಔಷಧಿ ನಡೆಯುತ್ತಿದೆ, ಮನೆಯೊಳಗೆ ಓಡಾಟವೂ ಉಂಟು. ಆದರೆ ಮೊದಲಿನ ಹಾಗೆ ನಾಲ್ಕು ಜನರ ನಡುವೆ ಹೋಗಿ ಕೂರಲು ಆಗುತ್ತಿಲ್ಲ. ಫಿಸಿಯೋಥೆರಪಿ, ಆಕ್ಯುಪೇಷನಲ್ ಥೆರಪಿ (ದಿನನಿತ್ಯದ ಕೆಲಸಗಳನ್ನು ಮತ್ತೆ ಮಾಡಲು ಕಲಿಸುವ ಚಿಕಿತ್ಸೆ) ಮತ್ತು ವಾಕ್‌ಚಿಕಿತ್ಸೆ ಬಲ್ಲವರು ಸೇರಿ ಉತ್ತರಿಸಿದ್ದೇವೆ. ಮೊದಲೇ ಒಂದು ಮಾತು: ಮೊದಲ ಸಲ ಹೊರಗೆ ಹೋದದ್ದು ಕೆಟ್ಟ ಅನುಭವವಾಗುವುದು ಕಾಲಿನ ಶಕ್ತಿ ಸಾಲದೆ ಅಲ್ಲ. ಶೌಚಾಲಯ, ಕಾಯುವ ಹೊತ್ತು, ವಾಪಸ್ ಬರುವ ದಾರಿ, ಈ ಮೂರರ ಲೆಕ್ಕ ಹಾಕದೆ ಹೊರಟಿರುತ್ತಾರೆ, ಅಷ್ಟೇ.

ಪ್ರಶ್ನೆ: ನಮ್ಮ ಯಜಮಾನರಿಗೆ 7 ತಿಂಗಳ ಹಿಂದೆ ಸ್ಟ್ರೋಕ್ ಆಗಿ ಎಡಭಾಗಕ್ಕೆ ಬಲ ಕಡಿಮೆಯಾಯಿತು. ಈಗ ಕೋಲು ಹಿಡಿದು ಮನೆಯೊಳಗೆ ಚೆನ್ನಾಗಿಯೇ ನಡೆಯುತ್ತಾರೆ. ಮೊದಲು ಪ್ರತಿ ಸಂಜೆ ಗ್ರಂಥಾಲಯಕ್ಕೆ ಹೋಗುತ್ತಿದ್ದರು, ಮತ್ತೆ ಹೋಗಬೇಕೆನ್ನುತ್ತಾರೆ. ದಾರಿಯಲ್ಲಿ ರಸ್ತೆ ದಾಟಬೇಕು, ಅಲ್ಲಿ 8 ಮೆಟ್ಟಿಲು ಹತ್ತಬೇಕು. ಕಳಿಸಬಹುದೇ?

ಉತ್ತರ: ಕಳಿಸಬಹುದೋ ಇಲ್ಲವೋ ಎಂದು ಮನೆಯ ನಡಿಗೆ ನೋಡಿ ಹೇಳಲಾಗದು. ಮೊದಲು ವೇಗ ಅಳೆಯಿರಿ. ಸಮತಟ್ಟಾದ ಜಾಗದಲ್ಲಿ 10 ಮೀಟರ್ ಗುರುತು ಹಾಕಿ, ಅದರ ಹಿಂದೆ ಮುಂದೆ ಒಂದೆರಡು ಮೀಟರ್ ಬಿಟ್ಟು ನಡೆಸಿ, ಗುರುತಿನಿಂದ ಗುರುತಿಗೆ ಎಷ್ಟು ಸೆಕೆಂಡ್ ಎಂದು ಮೊಬೈಲಿನಲ್ಲಿ ನೋಡಿ. ಸ್ಟ್ರೋಕ್ ಆದವರ ವಿಷಯದಲ್ಲಿ ಬಹಳ ಕಡೆ ಬಳಸುವ ಅಳತೆ ಇದು: ಸೆಕೆಂಡಿಗೆ 0.4 ಮೀಟರ್‌ಗಿಂತ ಕಡಿಮೆ, ಅಂದರೆ 10 ಮೀಟರ್‌ಗೆ 25 ಸೆಕೆಂಡ್ ಮೀರಿದರೆ ಅದು ಮನೆಯೊಳಗಿನ ನಡಿಗೆ. 12.5 ಸೆಕೆಂಡಿನೊಳಗೆ ಮುಗಿಸಿದರೆ, ಅಂದರೆ 0.8 ದಾಟಿದರೆ, ಹೊರಗಿನ ಓಡಾಟಕ್ಕೆ ಸಾಕಷ್ಟಾಯಿತು. ನಡುವೆ ಇದ್ದರೆ ಜೊತೆಗೊಬ್ಬರು ಬೇಕು.

ಈಗ ರಸ್ತೆಯ ಲೆಕ್ಕ. ಅವರಿಗೆ 10 ಮೀಟರ್‌ಗೆ 16 ಸೆಕೆಂಡ್ ಹಿಡಿಯಿತು ಎನ್ನಿ. 7 ಮೀಟರ್ ಅಗಲದ ರಸ್ತೆ ದಾಟಲು 11 ಸೆಕೆಂಡ್ ಮೇಲೆಯೇ ಬೇಕು. ಅನೇಕ ಕಡೆ ಪಾದಚಾರಿ ಸಿಗ್ನಲ್‌ಗೆ ಸೆಕೆಂಡಿಗೆ ಸುಮಾರು 1.2 ಮೀಟರ್ ನಡಿಗೆಯ ಅಂದಾಜು ಇಟ್ಟಿರುತ್ತಾರೆ, ಆ ಲೆಕ್ಕದಲ್ಲಿ ಸಿಗುವುದು 6 ಸೆಕೆಂಡ್. ಹಾಗಾಗಿ ಆಗಲೇ ಹಸಿರಾಗಿರುವ ದೀಪ ನೋಡಿ ಇಳಿಯಬಾರದು. ಅದು ಕೆಂಪಾಗಿ ಮತ್ತೆ ಹಸಿರಾಗುವವರೆಗೆ ಕಾದು, ಆ ಕ್ಷಣಕ್ಕೇ ಹೆಜ್ಜೆ ಇಡಬೇಕು. ನಡುವೆ ನಿಲ್ಲಲು ಕಟ್ಟೆ ಇರುವ ಕಡೆ ದಾಟುವುದು ಇನ್ನೂ ಮೇಲು.

ಇನ್ನೆರಡು ಪರೀಕ್ಷೆ. ನಡೆಯುತ್ತಿರುವಾಗ ಏನಾದರೂ ಕೇಳಿ. ಉತ್ತರ ಹೇಳಲು ಅವರು ನಿಂತುಬಿಟ್ಟರೆ ಗಮನವೆಲ್ಲ ನಡಿಗೆಗೇ ಹೋಗುತ್ತಿದೆ ಎಂದರ್ಥ, ರಸ್ತೆಯಲ್ಲಿ ಮಾತಾಡಿಸಬೇಡಿ. ಎರಡನೆಯದು ಇದಕ್ಕಿಂತ ಮುಖ್ಯ. ತಟ್ಟೆಯ ಎಡಬದಿಯ ಊಟ ಹಾಗೆಯೇ ಉಳಿಯುತ್ತದೆಯೇ? ಬಾಗಿಲು ದಾಟುವಾಗ ಎಡಭುಜ ಚೌಕಟ್ಟಿಗೆ ತಾಗುತ್ತದೆಯೇ? ಹೌದಾದರೆ ಎಡಗಡೆಯದು ಕಣ್ಣಿಗೆ ಬೀಳುತ್ತಿಲ್ಲ, ಇಲ್ಲವೇ ಬಿದ್ದರೂ ಗಮನಕ್ಕೆ ಬರುತ್ತಿಲ್ಲ. ಆಗ ನಡಿಗೆ ಎಷ್ಟೇ ಚುರುಕಾಗಿರಲಿ, ಒಬ್ಬರೇ ರಸ್ತೆ ದಾಟಕೂಡದು. ಡಾಕ್ಟರಿಗೆ ಹೇಳಿ ದೃಷ್ಟಿಕ್ಷೇತ್ರ ಪರೀಕ್ಷೆ ಮಾಡಿಸಿ.

ಮೆಟ್ಟಿಲಿನ ನಿಯಮ ಸುಲಭ: ಹತ್ತುವಾಗ ಬಲವಿರುವ ಕಾಲು ಮೊದಲು, ಇಳಿಯುವಾಗ ಬಲವಿಲ್ಲದ ಕಾಲು ಮೊದಲು. ಎಲ್ಲರೂ ಮರೆಯುವುದು ಕಂಬಿಯ ವಿಷಯ. ಒಂದೇ ಬದಿಗೆ ಕಂಬಿ ಇದ್ದರೆ, ಹತ್ತುವಾಗ ಬಲಗೈಗೆ ಸಿಕ್ಕಿದ್ದು ಇಳಿಯುವಾಗ ಬಲವಿಲ್ಲದ ಎಡಗೈ ಕಡೆ ಬರುತ್ತದೆ. ಅಂಥ ಕಡೆ ಹಿಮ್ಮುಖವಾಗಿ ಇಳಿಯಬಹುದು: ಬಲಗೈಯಲ್ಲಿ ಅದೇ ಕಂಬಿ, ಮುಖ ಮೇಲಕ್ಕೆ, ಎಡಗಾಲು ಮೊದಲು ಕೆಳಗೆ. ನೋಡುವವರಿಗೆ ವಿಚಿತ್ರ ಅನ್ನಿಸಬಹುದು, ಅನ್ನಿಸಲಿ. ಇದನ್ನು ಮೊದಲ ಬಾರಿ ಫಿಸಿಯೋಥೆರಪಿಸ್ಟ್ ಎದುರಲ್ಲೇ ಮಾಡಿ ಕಲಿಯಬೇಕು. ನೀವು ಎಡಬದಿಯಲ್ಲಿ, ಒಂದು ಮೆಟ್ಟಿಲು ಕೆಳಗೆ ನಿಲ್ಲಿ. ಸಮತಟ್ಟು ನೆಲದಲ್ಲೂ ನಿಮ್ಮ ಜಾಗ ಎಡಬದಿಯೇ, ಅರ್ಧ ಹೆಜ್ಜೆ ಹಿಂದೆ, ಕೋಲು ಬಲಗೈಯಲ್ಲಿ. ಕೈ ಇಳಿಬಿಟ್ಟು ನಿಂತಾಗ ಕೋಲಿನ ಹಿಡಿ ಮಣಿಕಟ್ಟಿನ ಗೆರೆಯ ಎತ್ತರಕ್ಕಿರಬೇಕು. ತುದಿಯ ರಬ್ಬರಿನ ಗೆರೆಗಳು ಸವೆದು ನುಣುಪಾಗಿದ್ದರೆ ಹೊರಡುವ ಮೊದಲೇ ಬದಲಿಸಿ, ಒದ್ದೆ ನೆಲದಲ್ಲಿ ಜಾರಿಸುವುದು ಅದೇ.

ಮೊದಲ ಸಲ ಓದಲು ಹೋಗಬೇಡಿ. ಜನ ಇಲ್ಲದ ಹೊತ್ತಿನಲ್ಲಿ ಹೋಗಿ, ಮೆಟ್ಟಿಲು ಹತ್ತಿ, ಶೌಚಾಲಯ ಎಲ್ಲಿದೆ, ಕಮೋಡ್ ಇದೆಯೇ, ಹಿಡಿದು ಏಳಲು ಬಲಬದಿಗೆ ಏನಾದರೂ ಇದೆಯೇ ನೋಡಿಕೊಂಡು ವಾಪಸ್ ಬನ್ನಿ. ಒಂದು ಕೈಯಲ್ಲಿ ಬಿಚ್ಚಿ ಹಾಕಲು ಆಗುವ ಬಟ್ಟೆ ಇರಲಿ. ಸ್ಟ್ರೋಕ್ ನಂತರದ ದಣಿವು ಮಾಡಿದ ಕೆಲಸಕ್ಕೆ ತಕ್ಕಂತೆ ಬರುವುದಿಲ್ಲ, ಇದ್ದಕ್ಕಿದ್ದಂತೆ ಕವಿಯುತ್ತದೆ. ಅದಕ್ಕೇ "ಇನ್ನೂ ಕೂರಬಲ್ಲೆ" ಅನ್ನುವಾಗಲೇ ಏಳಿಸಬೇಕು. ಮರುದಿನ ಎಂದಿನ ಸ್ನಾನ, ಬಟ್ಟೆ ತೊಡುವುದು ಕಷ್ಟವಾದರೆ ಹಿಂದಿನ ದಿನದ್ದು ಹೆಚ್ಚಾಯಿತು ಎಂದರ್ಥ. ಹೋಗುವುದನ್ನು ನಿಲ್ಲಿಸಬೇಡಿ, ಅಲ್ಲಿ ಕೂರುವ ಸಮಯವನ್ನು ಅರ್ಧಕ್ಕೆ ಇಳಿಸಿ.

ಪ್ರಶ್ನೆ: ನನ್ನ ಅಣ್ಣನಿಗೆ ಸ್ಟ್ರೋಕ್ ನಂತರ ಮಾತು ತಡವರಿಸುತ್ತದೆ. ಒಂದು ಹೇಳಲು ಹೋಗಿ ಇನ್ನೊಂದು ಹೇಳುತ್ತಾನೆ. ಗೆಳೆಯರು ಬಂದರೂ ಅವನನ್ನು ಬಿಟ್ಟು ನಮ್ಮ ಹತ್ತಿರವೇ ಮಾತಾಡಿ ಹೋಗುತ್ತಾರೆ. ಅವನು ಈಗ ಯಾರೂ ಬರುವುದು ಬೇಡ ಅನ್ನುತ್ತಾನೆ.

ಉತ್ತರ: ಇದಕ್ಕೆ ಅಫೇಸಿಯಾ ಎನ್ನುತ್ತಾರೆ. ಬುದ್ಧಿ ಇದ್ದ ಹಾಗೇ ಇರುತ್ತದೆ, ಭಾಷೆಯ ದಾರಿ ಮಾತ್ರ ಕೆಟ್ಟಿರುತ್ತದೆ. ಹಾಗಾಗಿ ತರಬೇತಿ ಬೇಕಾದದ್ದು ಅಣ್ಣನಿಗೆ ಎಷ್ಟೋ, ಗೆಳೆಯರಿಗೂ ಅಷ್ಟೇ. ಒಟ್ಟಿಗೆ ಐದಾರು ಜನ ಬರುವುದನ್ನು ನಿಲ್ಲಿಸಿ, ಒಬ್ಬೊಬ್ಬರಾಗಿ ಬರಲು ಹೇಳಿ. ಟಿವಿ ಆರಿಸಿ, ಎದುರು ಕೂತು, ವಿಷಯ ಏನೆಂದು ಮೊದಲೇ ಹೇಳಿ ಶುರು ಮಾಡಲಿ: "ಪಂದ್ಯದ ಬಗ್ಗೆ ಕೇಳ್ತೀನಿ." ಜೋರಾಗಿ ಮಾತಾಡಿ ಪ್ರಯೋಜನವಿಲ್ಲ, ಕಿವಿ ಸರಿಯಿದೆ. ವಾಕ್ಯ ಚಿಕ್ಕದಿರಲಿ, ಪ್ರಶ್ನೆ ಒಂದೇ ಇರಲಿ, ಕೇಳಿದ ಮೇಲೆ ಮನಸ್ಸಿನಲ್ಲೇ ಹತ್ತರವರೆಗೆ ಎಣಿಸಲಿ. ಆ ಮೌನ ತಡೆಯಲಾರದೆ ಇನ್ನೊಂದು ಪ್ರಶ್ನೆ ಹಾಕುವುದೇ ಎಲ್ಲರೂ ಮಾಡುವ ತಪ್ಪು. ಅರ್ಧಕ್ಕೆ ಬಂದಿದ್ದ ಪದ ಅಲ್ಲಿಗೆ ಹೋಯಿತು.

ಪಕ್ಕದಲ್ಲಿ ಒಂದು ನೋಟ್‌ಬುಕ್, ದಪ್ಪ ಪೆನ್ನು ಇಡಿ. ಉತ್ತರ ಬಾರದಿದ್ದರೆ ಎರಡು ಮೂರು ಆಯ್ಕೆಗಳನ್ನು ಒಂದರ ಕೆಳಗೊಂದು ದೊಡ್ಡಕ್ಷರದಲ್ಲಿ ಬರೆದು ತೋರಿಸಲಿ, ಅವನು ಬೆರಳಿಟ್ಟು ತೋರಿಸುತ್ತಾನೆ. "ಹೌದು", "ಇಲ್ಲ" ಕೂಡ ಅದಲು ಬದಲಾಗುವುದುಂಟು. ಅದಕ್ಕೆ ತಿರುಗಿಸಿ ಕೇಳಿ ಖಾತ್ರಿ ಮಾಡಿಕೊಳ್ಳಬೇಕು: "ಹಾಗಾದ್ರೆ ಭಾನುವಾರ ಬೇಡ, ಅಲ್ವಾ?" ಅರ್ಥವಾಗದಿದ್ದರೆ ಅರ್ಥವಾದಂತೆ ತಲೆಯಾಡಿಸುವುದು ಬೇಡ. ಅದು ಅವನಿಗೆ ಗೊತ್ತಾಗುತ್ತದೆ, ಮತ್ತೆ ಬಾಯಿ ತೆರೆಯುವುದಿಲ್ಲ.

ಹೊರಗೆ ಹೋದಾಗ ಜೇಬಿನಲ್ಲಿ ಒಂದು ಚೀಟಿ ಇರಲಿ: "ನನಗೆ ಸ್ಟ್ರೋಕ್ ಆಗಿದೆ. ಮಾತು ನಿಧಾನ. ಸ್ವಲ್ಪ ಕಾಯಿರಿ." ಮಾತಾಡಲು ಕಷ್ಟಪಡುವ ಹಲವರಿಗೆ ಗೊತ್ತಿರುವ ಹಾಡು, ಎಣಿಕೆ, ಬಾಯಿಪಾಠ ಸರಾಗವಾಗಿ ಬರುತ್ತವೆ. ಮೊದಲು ಸೇರಬೇಕಾದ ಕೂಟ ಚರ್ಚೆಯದ್ದಲ್ಲ. ಎಲ್ಲರೂ ಒಟ್ಟಿಗೆ ಹಾಡುವ ಕಡೆ, ಇಲ್ಲವೇ ಚದುರಂಗದಂಥ ಮಾತು ಬೇಡದ ಆಟದ ಕಡೆ ಕರೆದೊಯ್ಯಿರಿ.

ಪ್ರಶ್ನೆ: ಬೆನ್ನುಹುರಿಗೆ ಪೆಟ್ಟಾಗಿ ಒಂದೂವರೆ ವರ್ಷದಿಂದ ವೀಲ್‌ಚೇರ್‌ನಲ್ಲಿದ್ದೇನೆ. ಸೊಂಟದಿಂದ ಕೆಳಗೆ ಸ್ಪರ್ಶ ಗೊತ್ತಾಗುವುದಿಲ್ಲ. ಆಪ್ತ ಗೆಳತಿಯ ಮದುವೆ ಇದೆ, ಇಡೀ ದಿನ ಅಲ್ಲಿರಬೇಕೆಂಬ ಆಸೆ. ಏನೇನು ನೋಡಿಕೊಳ್ಳಬೇಕು?

ಉತ್ತರ: ಖಂಡಿತ ಹೋಗಿ. ಆದರೆ ಅಲ್ಲಿಯವರು "ವೀಲ್‌ಚೇರ್ ಬರುತ್ತದೆ, ತೊಂದರೆ ಇಲ್ಲ" ಅಂದರೆ ನಂಬಬೇಡಿ. ಯಾರಾದರೂ ಟೇಪು ಹಿಡಿದು ಅಳೆಯಲಿ. ಬಾಗಿಲು, ಅದರಲ್ಲೂ ಶೌಚಾಲಯದ ಬಾಗಿಲು, ತೆರೆದಾಗ 80 ಸೆಂಟಿಮೀಟರ್ ಸಿಗಬೇಕು. ಒಳಗೆ ಕುರ್ಚಿ ತಿರುಗಲು 1.5 ಮೀಟರ್ ಜಾಗ ಬೇಕು. ರ‍್ಯಾಂಪ್ ಇದ್ದರೆ ಪ್ರತಿ 1 ಅಡಿ ಎತ್ತರಕ್ಕೆ 12 ಅಡಿ ಉದ್ದ ಇದೆಯೇ ನೋಡಲಿ. 15 ಸೆಂಟಿಮೀಟರ್‌ನ 3 ಮೆಟ್ಟಿಲಿಗೆ 5.4 ಮೀಟರ್ ಆಗುತ್ತದೆ. ಮೆಟ್ಟಿಲ ಮೇಲೆ ಹಲಗೆ ಹಾಕಿ "ರ‍್ಯಾಂಪ್ ಮಾಡಿದ್ದೇವೆ" ಅನ್ನುವವರು ಬಹಳ. ಅಂಥ ಇಳಿಜಾರಿನಲ್ಲಿ ಕುರ್ಚಿ ಹಿಂದಕ್ಕೆ ಮಗುಚುತ್ತದೆ.

ಎತ್ತಿಕೊಂಡೇ ಹೋಗಬೇಕಾದರೆ, ಹೇಗೆಂದು ಹೇಳಿಕೊಡುವವರು ನೀವೇ ಆಗಿರಬೇಕು. ಕೈಯಾನಿಕೆ, ಪಾದದ ಹಲಗೆ ಕಳಚಿ ಬರುವ ಭಾಗಗಳು. ಉತ್ಸಾಹದಲ್ಲಿ ನಾಲ್ಕು ಜನ ಹಿಡಿಯುವುದು ಅವನ್ನೇ. ಹಿಡಿಯಬೇಕಾದದ್ದು ಗಟ್ಟಿ ಚೌಕಟ್ಟನ್ನು. ಹಿಂದಿನ ಹಿಡಿಕೆಯ ಬಳಿ ಎಲ್ಲರಿಗಿಂತ ಬಲಶಾಲಿ ನಿಲ್ಲಲಿ. ಮಗುಚದಂತೆ ಹಿಂದೆ ಹಾಕಿರುವ ಚಿಕ್ಕ ಚಕ್ರಗಳಿದ್ದರೆ ಮೊದಲು ತೆಗೆಸಿ, ಇಲ್ಲದಿದ್ದರೆ ಮೆಟ್ಟಿಲಿಗೆ ಸಿಕ್ಕಿಕೊಳ್ಳುತ್ತವೆ. ಹತ್ತುವಾಗಲೂ ಇಳಿಯುವಾಗಲೂ ನಿಮ್ಮ ಮುಖ ಕೆಳಗಿನ ಮೆಟ್ಟಿಲ ಕಡೆಗೇ ಇದ್ದು, ಕುರ್ಚಿ ಹಿಂದಕ್ಕೆ ವಾಲಿರಬೇಕು. ದೊಡ್ಡ ಚಕ್ರವನ್ನು ಒಂದೊಂದೇ ಮೆಟ್ಟಿಲಿಗೆ ಉರುಳಿಸಿದರೆ ಸಾಕು, ಪಲ್ಲಕ್ಕಿಯಂತೆ ಹೊರಬೇಕಾಗಿಲ್ಲ. ಬ್ಯಾಟರಿ ಕುರ್ಚಿಯಾದರೆ ಎತ್ತುವ ಮಾತೇ ಬೇಡ, ಅದರ ತೂಕ ಬೆನ್ನು ಮುರಿಯುತ್ತದೆ. ಹಿಂದಿನ ದಿನ ಗಾಳಿ ನೋಡಿ. ಕುರ್ಚಿಯ ಬ್ರೇಕ್ ಒತ್ತುವುದು ಟಯರನ್ನೇ, ಗಾಳಿ ಇಳಿದರೆ ಬ್ರೇಕ್ ಹಿಡಿಯುವುದಿಲ್ಲ.

ನಿಮ್ಮ ಮಟ್ಟಿಗೆ ನಿಜವಾದ ಅಪಾಯ ಒತ್ತಡದ ಹುಣ್ಣು, ಅಂದರೆ ಒಂದೇ ಭಂಗಿಯಲ್ಲಿ ಕೂತು ಚರ್ಮ ಅಮುಕಿ ಆಗುವ ಹುಣ್ಣು. ಒಂದು ದಿನದ ಅಜಾಗ್ರತೆಗೆ ತಿಂಗಳುಗಟ್ಟಲೆ ಮಲಗಬೇಕಾಗುತ್ತದೆ. ಫೋಟೋಕ್ಕೆಂದು ಸೋಫಾಗೋ ಅಲಂಕಾರದ ಕುರ್ಚಿಗೋ ಬದಲಿಸುವಾಗ ನಿಮ್ಮ ಕುಶನ್ ಜೊತೆಗೇ ಹೋಗಬೇಕು. ಮೊಬೈಲಿನಲ್ಲಿ ಅರ್ಧ ಗಂಟೆಗೊಮ್ಮೆ ಅಲಾರಂ ಇಡಿ, 15 ನಿಮಿಷಕ್ಕೊಮ್ಮೆ ಆದರೆ ಇನ್ನೂ ಒಳ್ಳೆಯದು. ಪ್ರತಿ ಸಲ ಕುರ್ಚಿಯನ್ನು ತುಸು ಹಿಂದಕ್ಕೆ ಉರುಳಿಸಿ, ಮುಂದಿನ ಚಿಕ್ಕ ಚಕ್ರಗಳು ಮುಂದಕ್ಕೆ ತಿರುಗಿದ ಮೇಲೆ ಬ್ರೇಕ್ ಹಾಕಿ. ಆಗ ಕುರ್ಚಿ ಮುಂದಕ್ಕೆ ಮಗುಚುವುದಿಲ್ಲ. ಎದೆ ತೊಡೆಗೆ ತಾಗುವಷ್ಟು ಮುಂದಕ್ಕೆ ಬಾಗಿ 2 ನಿಮಿಷ ಇರಿ. ಕೈಯೂರಿ ಕ್ಷಣಕಾಲ ಮೇಲೇಳುವುದು ಸಾಲದು, ಅಮುಕಿದ ಜಾಗಕ್ಕೆ ರಕ್ತ ಮರಳಲು ಅಷ್ಟು ಹೊತ್ತು ಬೇಕೇ ಬೇಕು. ಕೆಳಗೆ ಬಿದ್ದದ್ದು ಎತ್ತಿಕೊಳ್ಳುವವರಂತೆ, ಸೀರೆ ಸರಿಮಾಡಿಕೊಳ್ಳುವವರಂತೆ ಬಾಗಿದರೆ ಯಾರ ಗಮನಕ್ಕೂ ಬರುವುದಿಲ್ಲ. ಉಡುಪಿನ ಹಿಂಬದಿಯಲ್ಲಿ ಕಸೂತಿ, ಮಣಿ, ದಪ್ಪ ಹೊಲಿಗೆ ಇರಬಾರದು. ಬಿಸಿ ತಟ್ಟೆ, ಬಿಸಿ ಲೋಟ ತೊಡೆಯ ಮೇಲೆ ಬೇಡವೇ ಬೇಡ, ಸುಟ್ಟರೂ ನಿಮಗೆ ತಿಳಿಯುವುದಿಲ್ಲ. ರಾತ್ರಿ ಕನ್ನಡಿಯಲ್ಲಿ ನೋಡಿಕೊಳ್ಳಿ. ಕೆಂಪಾದ ಜಾಗ ಅರ್ಧ ಗಂಟೆಯಲ್ಲಿ ಮಾಯವಾಗದಿದ್ದರೆ, ಅದು ಹೋಗುವವರೆಗೆ ಆ ಭಾಗದ ಮೇಲೆ ಕೂರಬೇಡಿ, ಡಾಕ್ಟರಿಗೆ ತಿಳಿಸಿ.

ಮೂತ್ರ ಖಾಲಿ ಮಾಡಲು ಕ್ಯಾಥೆಟರ್ (ನಳಿಕೆ) ಹಾಕಿ ತೆಗೆಯುವ ಕ್ರಮದಲ್ಲಿದ್ದರೆ 4ರಿಂದ 6 ಗಂಟೆಗೊಮ್ಮೆ ಎಂಬ ನಿಯಮ ಅಂದೂ ತಪ್ಪಬಾರದು; ಒಂದು ಸಲಕ್ಕೆ 500 ಮಿಲಿಲೀಟರ್ ಮೀರಿ ತುಂಬಲು ಬಿಡಬಾರದು. ಹೊರಡುವ ಮುನ್ನ ಒಮ್ಮೆ ಖಾಲಿ ಮಾಡಿ, ಲೆಕ್ಕಕ್ಕಿಂತ ಒಂದು ಸೆಟ್ ಹೆಚ್ಚಿಗೆ ಒಯ್ಯಿರಿ. ನೀರು ಕುಡಿಯದೇ ಇದ್ದುಬಿಡುವುದು ಜಾಣತನವಲ್ಲ, ಸೋಂಕಿಗೆ ಅದೇ ದಾರಿ. ಒಮ್ಮೆಲೇ ಕುಡಿಯದೆ ಗುಟುಕು ಗುಟುಕಾಗಿ ಕುಡಿಯಿರಿ. ಮಲವಿಸರ್ಜನೆಯ ದಿನಚರಿಯನ್ನೂ ಮದುವೆಯ ಗಡಿಬಿಡಿಯಲ್ಲಿ ಮುಂದೂಡಬೇಡಿ.

ಪೆಟ್ಟು ಎದೆಭಾಗದ 6ನೇ ಕಶೇರುಕದ (ಬೆನ್ನುಮೂಳೆಯ ತುಂಡಿನ) ಮಟ್ಟದಲ್ಲಿ ಅಥವಾ ಅದಕ್ಕಿಂತ ಮೇಲೆ ಆದವರಿಗೆ ಒಂದು ಎಚ್ಚರಿಕೆ. ತಲೆ ಸಿಡಿದಂತೆ ನೋವು, ಮುಖ ಕೆಂಪೇರಿ ಬೆವರು ಬಂದರೆ ಮಲಗಿಸಬೇಡಿ, ನೆಟ್ಟಗೆ ಕೂರಿಸಿ. ಬಿಗಿ ಬಟ್ಟೆ ಸಡಿಲಿಸಿ, ಮೂತ್ರದ ನಳಿಕೆ ಮಡಚಿದೆಯೇ, ಮೂತ್ರಕೋಶ ತುಂಬಿದೆಯೇ ನೋಡಿ. ರಕ್ತದೊತ್ತಡ ವಿಪರೀತ ಏರಿರುತ್ತದೆ. ತಕ್ಷಣ ಇಳಿಯದಿದ್ದರೆ ಅದು ತುರ್ತು ಚಿಕಿತ್ಸೆಯ ವಿಷಯ.

ಪ್ರಶ್ನೆ: ಹೃದಯಾಘಾತವಾಗಿ ಸ್ಟೆಂಟ್ ಹಾಕಿದ್ದಾರೆ. ಆಡಬಹುದು ಎಂದು ಡಾಕ್ಟರ್ ಹೇಳಿದ್ದಾರೆ. ಹಳೆಯ ಬ್ಯಾಡ್ಮಿಂಟನ್ ಗುಂಪಿಗೆ ಹೇಗೆ ಮರಳಲಿ?

ಉತ್ತರ: ಡಬಲ್ಸ್ ಆಡಿ, ಪಾಯಿಂಟ್ ಎಣಿಸಬೇಡಿ. ಗೆಲ್ಲುವ ಹಟ ಬಂದರೆ ನಾಡಿ ಏರಿದ್ದು ಗೊತ್ತೇ ಆಗುವುದಿಲ್ಲ. ಮೊದಲು 10 ನಿಮಿಷ ನಡಿಗೆ, ಕೊನೆಗೂ 10 ನಿಮಿಷ ನಡಿಗೆ. ಆಟ ಮುಗಿದ ತಕ್ಷಣ ಕೂತುಬಿಡುವುದು ಒಳ್ಳೆಯದಲ್ಲ, ರಕ್ತದೊತ್ತಡ ಸರಕ್ಕನೆ ಇಳಿದು ತಲೆ ತಿರುಗುತ್ತದೆ. ಆಡುತ್ತಾ ಒಂದು ಪೂರ್ಣ ವಾಕ್ಯ ಹೇಳಲು ಆಗಬೇಕು, ಆಗದಿದ್ದರೆ ವೇಗ ಹೆಚ್ಚಾಯಿತು. ಆಟವನ್ನು ಹೆಚ್ಚಿಸುವುದಾದರೆ ಮೊದಲು ಸಮಯ ಹೆಚ್ಚಿಸಿ, ಬಿರುಸನ್ನು ಆಮೇಲೆ. ನಾಲಿಗೆ ಕೆಳಗಿಡುವ ಮಾತ್ರೆ ಕೊಟ್ಟಿದ್ದರೆ ಅದು ಕಾರಿನಲ್ಲಲ್ಲ, ಅಂಕಣದ ಪಕ್ಕದ ಚೀಲದಲ್ಲಿರಲಿ. ಎಲ್ಲಿದೆ ಎಂದು ಜೊತೆಯವರಿಗೂ ಗೊತ್ತಿರಲಿ. ಎದೆ ಹಿಡಿದರೆ ಕೂತು ಒಂದು ಮಾತ್ರೆ, 5 ನಿಮಿಷದಲ್ಲಿ ಕಡಿಮೆಯಾಗದಿದ್ದರೆ ಆಂಬುಲೆನ್ಸ್. ಬೈಪಾಸ್ ಆದವರಿಗೆ ಈ ಉತ್ತರ ಅನ್ವಯಿಸದು. ಎದೆಮೂಳೆ ಕೂಡಿಕೊಳ್ಳುವವರೆಗೆ, ಸಾಮಾನ್ಯವಾಗಿ 3 ತಿಂಗಳು, ರ‍್ಯಾಕೆಟ್ ಮುಟ್ಟಬಾರದು.

ಪ್ರಶ್ನೆ: ಅಪಘಾತದಲ್ಲಿ ತಲೆಗೆ ಪೆಟ್ಟಾಗಿತ್ತು. ಸ್ಕ್ಯಾನ್ ಸರಿಯಿದೆ, ನೋಡಲು ಆರೋಗ್ಯವಾಗಿದ್ದೇನೆ. ಆದರೆ ಜನ ಸೇರಿದ ಕಡೆ ಅರ್ಧ ಗಂಟೆಯಲ್ಲಿ ತಲೆನೋವು, ಸಿಡುಕು. "ನಾಟಕ ಮಾಡ್ತಾಳೆ" ಎಂಬ ಮಾತೂ ಕೇಳಿದ್ದೇನೆ.

ಉತ್ತರ: ನಾಟಕವಲ್ಲ. ಬೇಡದ ಸದ್ದನ್ನು ಹಿಂದಕ್ಕೆ ತಳ್ಳಿ ಬೇಕಾದ್ದನ್ನು ಮಾತ್ರ ಕೇಳುವುದು ಮಿದುಳಿಗೆ ದುಡಿಮೆಯೇ. ಪೆಟ್ಟು ತಿಂದ ಮಿದುಳಿಗೆ ಆ ದುಡಿಮೆ ಬೇಗ ದಣಿವು ತರುತ್ತದೆ. ಜನ ಸೇರುವ ಮೊದಲೇ ಹೋಗಿ, ಜನ ತುಂಬುವಾಗ ಹೊರಟುಬಿಡಿ. ಗೋಡೆಗೆ ಬೆನ್ನು ಕೊಟ್ಟು ಮೂಲೆಯಲ್ಲಿ ಕೂತರೆ ಹಿಂದಿನಿಂದ ಬರುವ ಸದ್ದು ಕಡಿಮೆ. ಸ್ಪೀಕರ್ ಮತ್ತು ಮಿನುಗುವ ದೀಪದಿಂದ ದೂರವಿರಿ. ದಣಿವಿಗೆ 0ಯಿಂದ 10ರವರೆಗೆ ಅಂಕ ಕೊಡುವ ಅಭ್ಯಾಸ ಮಾಡಿಕೊಳ್ಳಿ: 4 ಆದಾಗ ಹೊರಗೆ ಬಂದು 10 ನಿಮಿಷ ಸುಮ್ಮನೆ ಕೂತು ಬನ್ನಿ, 6 ಆದರೆ ಮನೆಗೆ. 8 ಆದ ಮೇಲೆ ಹೊರಟರೆ ಎರಡು ದಿನ ಕೈಗೆ ಸಿಗುವುದಿಲ್ಲ. ಜೊತೆಯವರಿಗೆ ಒಂದು ಸನ್ನೆ ಹೇಳಿಕೊಟ್ಟಿರಿ, ಎಲ್ಲರೆದುರು ವಿವರಿಸುವ ಗೋಜು ತಪ್ಪುತ್ತದೆ.

ಒಳಗೂ ಹೊರಗೂ ಕಪ್ಪು ಕನ್ನಡಕ, ಸದಾ ಕಿವಿಯಲ್ಲಿ ಇಯರ್‌ಪ್ಲಗ್ ಎಂದು ಶುರು ಮಾಡಬೇಡಿ. ಕಣ್ಣು ಕಿವಿ ಅದಕ್ಕೇ ಒಗ್ಗಿಹೋಗಿ ಸಾಮಾನ್ಯ ಬೆಳಕು, ಸದ್ದೂ ಚುಚ್ಚತೊಡಗುತ್ತವೆ. ಗದ್ದಲ ಮಿತಿಮೀರಿದಾಗ ಮಾತ್ರ ಬಳಸಿ. ಮದ್ಯ ಸದ್ಯಕ್ಕೆ ಬೇಡ. ತಲೆನೋವು ದಿನೇ ದಿನೇ ಏರಿದರೆ, ಪದೇ ಪದೇ ವಾಂತಿ, ಮಂಪರು, ಫಿಟ್ಸ್ ಕಂಡರೆ ಸ್ಕ್ಯಾನ್ ಸರಿಯಿತ್ತು ಎಂದು ಕಾಯದೆ ಆಸ್ಪತ್ರೆಗೆ ಹೋಗಿ.

ಪ್ರಶ್ನೆ: ಮೊಣಕಾಲ ಕೆಳಗೆ ಕೃತಕ ಕಾಲು ಹಾಕಿಸಿದ್ದೇನೆ. ಬೆಳಿಗ್ಗೆ ಬಿಗಿ, ಸಂಜೆ ಸಡಿಲ. ಯಾವ ಕಾರ್ಯಕ್ರಮಕ್ಕೂ ಪೂರ್ತಿ ನಿಲ್ಲಲಾಗುತ್ತಿಲ್ಲ.

ಉತ್ತರ: ಉಳಿದ ಕಾಲಿನ ಭಾಗ ದಿನವಿಡೀ ಸಾಕೆಟ್ಟಿನೊಳಗೆ (ಕೃತಕ ಕಾಲಿನಲ್ಲಿ ಅದು ಕೂರುವ ಬಟ್ಟಲು) ಒತ್ತಿ ಒತ್ತಿ ಸಣ್ಣದಾಗುತ್ತದೆ. ಕಾಲು ಆಳಕ್ಕೆ ಇಳಿದು, ತುದಿ ತಳಕ್ಕೆ ತಾಗಿ ನೋಯುತ್ತದೆ. ಪರಿಹಾರ ಆ ಭಾಗಕ್ಕೆ ತೊಡುವ ಕಾಲುಚೀಲ. 1, 3, 5 ಪದರದ ಚೀಲಗಳು ಕೈಚೀಲದಲ್ಲಿರಲಿ. ಸಡಿಲ ಅನ್ನಿಸಿದ ಕೂಡಲೇ ಒಂದು ಪದರ ಹಾಕಿ ನಡೆದು ನೋಡಿ, ಸಾಲದಿದ್ದರೆ ಇನ್ನೊಂದು. ನೋವು ಬರುವವರೆಗೆ ಕಾಯಬೇಡಿ. ಚೀಲದಲ್ಲಿ ಒಂದು ಸುಕ್ಕು ಉಳಿದರೂ ಗುಳ್ಳೆ ಏಳುತ್ತದೆ. ಒಟ್ಟು 10 ಪದರ ದಾಟತೊಡಗಿದರೆ ಸಾಕೆಟ್ ಬದಲಿಸುವ ಕಾಲ ಬಂತು. ನಡುವೆ ಕೃತಕ ಕಾಲು ಬಿಚ್ಚಿ ಬಹಳ ಹೊತ್ತು ಕೂತರೆ ಊದಿಕೊಂಡು ಮತ್ತೆ ಒಳಗೆ ಹೋಗುವುದಿಲ್ಲ. ಬಿಚ್ಚಿದಾಗ ಬಿಗಿ ಪಟ್ಟಿ ಕಟ್ಟಿಕೊಳ್ಳಿ. ಸಮಾರಂಭಕ್ಕೆಂದು ಬೇರೆ ಎತ್ತರದ ಹಿಮ್ಮಡಿಯ ಶೂ ತೊಟ್ಟರೆ ಮೊಣಕಾಲು ಮುಂದಕ್ಕೆ ಅಥವಾ ಹಿಂದಕ್ಕೆ ನೂಕಿದಂತಾಗುತ್ತದೆ. ಕಾಲು ಹೊಂದಿಸಿದಾಗಿನ ಎತ್ತರದ್ದೇ ಇರಲಿ.

ಪ್ರಶ್ನೆ: ಅಮ್ಮನಿಗೆ ಸೊಂಟದ ಮೂಳೆ ಮುರಿದು ಶಸ್ತ್ರಚಿಕಿತ್ಸೆಯಾಗಿ 5 ತಿಂಗಳು. ನಡೆಯಬಲ್ಲರು, ಆದರೆ ಹೊರಗೆ ಕರೆದರೆ "ನೀವು ಹೋಗಿ ಬನ್ನಿ" ಅನ್ನುತ್ತಾರೆ. ಒತ್ತಾಯ ಮಾಡಬೇಕೇ?

ಉತ್ತರ: ಒತ್ತಾಯ ಬೇಡ, ಭಯ ಏನೆಂದು ಕೇಳಿ. "ಬಿದ್ದರೆ ಏಳಲಾಗುವುದಿಲ್ಲ" ಎಂಬ ಉತ್ತರವೇ ಹೆಚ್ಚಾಗಿ ಬರುತ್ತದೆ. ಹಾಗಾದರೆ ಏಳುವುದನ್ನೇ ಕಲಿಸಬೇಕು. ಹೊಸ ಕೀಲು ಹಾಕಿದವರಿಗೆ ಕೆಲವು ಬಾಗುವಿಕೆ ನಿಷಿದ್ಧವಾದ್ದರಿಂದ ಫಿಸಿಯೋಥೆರಪಿಸ್ಟರನ್ನು ಕೇಳಿಯೇ ಶುರು ಮಾಡಿ. ಮಗ್ಗುಲಾಗಿ, ಮೊಣಕೈ ಊರಿ, ಮಂಡಿಗೂ ಕೈಗೂ ಬಂದು, ಗಟ್ಟಿ ಕುರ್ಚಿಯ ತನಕ ತೆವಳಿ, ಎರಡೂ ಕೈ ಆಸನದ ಮೇಲಿಟ್ಟು, ಬಲವಿರುವ ಪಾದವನ್ನು ಮುಂದಿಟ್ಟು ಏಳುವುದು. ನೀವು ತೋಳು ಹಿಡಿದು ಎಳೆಯಬೇಡಿ, ಕುರ್ಚಿ ಜಾರದಂತೆ ಹಿಡಿದುಕೊಳ್ಳಿ ಸಾಕು.

"ಸುಮ್ಮನೆ ಬಂದು ಕೂತಿರಮ್ಮ" ಎಂಬ ಆಹ್ವಾನಕ್ಕೆ ಯಾರೂ ಏಳುವುದಿಲ್ಲ. ಬಂದವರ ಹೆಸರು ಬರೆದುಕೊಳ್ಳುವುದು, ಮಕ್ಕಳಿಗೆ ಹಾಡು ಹೇಳಿಕೊಡುವುದು, ಹೀಗೆ ಕೂತು ಮಾಡುವ ಒಂದು ಕೆಲಸವನ್ನು ಅವರಿಗೇ ಎಂದು ಇಟ್ಟು ಕರೆಯಿರಿ. ಓದಲೂ ದೂರ ನೋಡಲೂ ಒಂದೇ ಕನ್ನಡಕವಾದರೆ ಮೆಟ್ಟಿಲು ಮಸುಕಾಗಿ ಕಾಣುತ್ತದೆ, ದೂರದ್ದಕ್ಕೆ ಬೇರೆಯೇ ಮಾಡಿಸಿ. ನಿದ್ದೆ ಮಾತ್ರೆಯಿದ್ದರೆ ಡಾಕ್ಟರ ಹತ್ತಿರ ಮಾತಾಡಿ, ಬೀಳಲು ಅದೂ ಕಾರಣವಾಗಬಹುದು. ಇಷ್ಟಾದರೂ ಎರಡು ವಾರಕ್ಕೂ ಮೀರಿ ಊಟ, ನಿದ್ದೆ, ಮಾತು ಎಲ್ಲದರಲ್ಲೂ ಆಸಕ್ತಿ ಹೋಗಿದ್ದರೆ ಅದು ಬೀಳುವ ಭಯವಲ್ಲ, ಖಿನ್ನತೆ ಇರಬಹುದು. ಅದಕ್ಕೆ ಚಿಕಿತ್ಸೆ ಇದೆ, ತಡಮಾಡದೆ ಡಾಕ್ಟರಿಗೆ ತೋರಿಸಿ.